ನಾಲಿಗೆಯನ್ನು ಗೆದ್ದ ಕೂಲಿಕಾರ: ಪೂಜ್ಯ ಮ್ಯಾಟ್ ಟಾಲ್ಬಟ್

ಐರ್ಲೆಂಡ್ ದೇಶದ ಡಬ್ಲಿನ್ ನಗರದಲ್ಲಿ ಮರದ ಡಿಪೋ ಒಂದರಲ್ಲಿ ದುಡಿಯುತ್ತಿದ್ದ ಒಬ್ಬ ಬಡ ಕೂಲಿಕಾರನ ಕೋಟಿನ ತೋಳಿನ ಮೇಲೆ ಎರಡು ಗುಂಡುಸೂಜಿಗಳು ಶಿಲುಬೆಯ ಆಕಾರದಲ್ಲಿ ಚುಚ್ಚಿಕೊಂಡಿರುತ್ತಿದ್ದವು. ಕಂಡವರು ಅದನ್ನು ಹರಿದ ಬಟ್ಟೆಗೆ ಹಾಕಿದ ಆಸರೆಯೆಂದು ತಿಳಿದಿದ್ದರೆ ಆಶ್ಚರ್ಯವಿಲ್ಲ. ಆದರೆ ಆ ಸೂಜಿಗಳು ಇದ್ದದ್ದು ಬಟ್ಟೆಗಾಗಿ ಅಲ್ಲ, ನಾಲಿಗೆಗಾಗಿ. ಬಾಯಿಗೆ ಬೈಗುಳ ಬಂದಾಗ ಕಣ್ಣಿಗೆ ಶಿಲುಬೆ ಬೀಳಲೆಂದು ಆತನು ತಾನೇ ಕಂಡುಕೊಂಡ ಉಪಾಯ ಅದು. ಆ ಕೂಲಿಕಾರನೇ ಪೂಜ್ಯ ಮ್ಯಾಟ್ ಟಾಲ್ಬಟ್. ಕುಡಿತವನ್ನು ಬಿಟ್ಟವನೆಂದು ಆತನ ಹೆಸರು ಲೋಕದಲ್ಲೆಲ್ಲ ಹರಡಿದೆ; ಕುಡಿತ ಬಿಡಲು ಹೆಣಗುವವರು ಆತನ ಪ್ರಾರ್ಥನಾಸಹಾಯವನ್ನು ಬೇಡುತ್ತಾರೆ. ಆದರೆ ಆತನು ಬೈಗುಳವನ್ನೂ ಬಿಟ್ಟವನು ಎಂಬುದನ್ನು ಸ್ಮರಿಸುವವರು ಕಡಮೆ. ಶತಮಾನೋತ್ಸವದ ಈ ಸಂಚಿಕೆಯಲ್ಲಿ ಆ ಮರೆತ ಮಗ್ಗುಲನ್ನೇ ವಿಶೇಷವಾಗಿ ನೋಡೋಣವೆಂದು ಈ ಬರಹ.

ಮ್ಯಾಟ್ ಹುಟ್ಟಿದ್ದು 1856ರ ಮೇ 2ರಂದು, ಡಬ್ಲಿನ್ನಿನ ಉತ್ತರ ಭಾಗದ ಆಲ್ಡ್‌ಬರೋ ಕೋರ್ಟ್ ಎಂಬ ಬಡವರ ಕೇರಿಯಲ್ಲಿ. ಚಾರ್ಲ್ಸ್ ಟಾಲ್ಬಟ್ ಮತ್ತು ಎಲಿಜಬೆತ್ ದಂಪತಿಗಳ ಹನ್ನೆರಡು ಮಕ್ಕಳಲ್ಲಿ ಆತನು ಎರಡನೆಯವನು. ತಂದೆ ಬಂದರಿನಲ್ಲಿ ಕೆಲಸಕ್ಕಿದ್ದ, ಶಿಸ್ತಿನ ಮನುಷ್ಯ. ತಾಯಿ ಜಪಸರ ಹಿಡಿದೇ ಸಂಸಾರದ ಭಾರವನ್ನು ಎಳೆದವಳು. ಮನೆ ತುಂಬ ಮಕ್ಕಳು, ಕೈ ತುಂಬ ಕಷ್ಟ. ಬಾಡಿಗೆಯ ಒಂದು ಮನೆಯಿಂದ ಮತ್ತೊಂದಕ್ಕೆ ಅಲೆದಾಟ. ಕ್ರೈಸ್ತ ಸಹೋದರರ ಶಾಲೆಗೆ ಮ್ಯಾಟ್ ಹೋದದ್ದು ಅಲ್ಪಕಾಲ ಮಾತ್ರ. ಅದರಲ್ಲಿಯೂ ಆತನು ಶಾಲೆ ತಪ್ಪಿಸುವ ಹುಡುಗನೆಂದೇ ಹಾಜರಿ ಪುಸ್ತಕದಲ್ಲಿ ದಾಖಲಾಗಿದೆ. ಹನ್ನೆರಡನೆಯ ವಯಸ್ಸಿಗೆ ಓದು ಮುಗಿಯಿತು, ದುಡಿಮೆ ಮೊದಲಾಯಿತು.

ದುಡಿಮೆ ದೊರೆತದ್ದಾದರೂ ಎಲ್ಲಿ? ಮದ್ಯವನ್ನು ಸೀಸೆಗೆ ತುಂಬುವ ವ್ಯಾಪಾರಿಗಳ ಬಳಿ. ಖಾಲಿ ಮಾಡುವ ಸೀಸೆಗಳ ತಳದಲ್ಲಿ ಉಳಿದದ್ದನ್ನು ಹುಡುಗರು ಕುಡಿಯುತ್ತಿದ್ದರು. ಒಂದೆರಡು ವರ್ಷದೊಳಗೆ ಮ್ಯಾಟ್ ಕುಡಿದು ಮನೆಗೆ ಬರುವ ಹಾಗಾಯಿತು. ತಂದೆ ಹೊಡೆದನು, ಕಣ್ಣಳತೆಯಲ್ಲಿ ಇಟ್ಟುಕೊಳ್ಳಲೆಂದು ತಾನು ದುಡಿಯುತ್ತಿದ್ದ ಬಂದರು ಮಂಡಳಿಯಲ್ಲೇ ಕೆಲಸ ಕೊಡಿಸಿದನು. ವಿಸ್ಕಿಯ ಪೀಪಾಯಿಗಳನ್ನು ಇಡುವ ಉಗ್ರಾಣ ಅದು. ಬೆಕ್ಕನ್ನು ಹಾಲಿನ ಕಾವಲಿಗೆ ಇಟ್ಟಂತಾಯಿತು. ಮುಂದೆ ತಂದೆಯ ಹೆಸರಿಗೆ ಕಳಂಕ ತರಬಾರದೆಂದು ಮ್ಯಾಟ್ ಆ ಕೆಲಸ ಬಿಟ್ಟು, ಕಟ್ಟಡದ ಗುತ್ತಿಗೆದಾರರಲ್ಲಿ ಗಾರೆ ಕೆಲಸದವರಿಗೆ ಇಟ್ಟಿಗೆ ಹೊರುವ ಆಳಾದನು.

ಹೀಗೆ ಹದಿನಾರು ವರ್ಷಗಳು ಕಳೆದವು. ದುಡಿಮೆಯಲ್ಲಿ ಆತನು ಎಂದೂ ಸೋಮಾರಿಯಲ್ಲ; ಆದರೆ ಶನಿವಾರ ಕೈಗೆ ಬಂದ ಕೂಲಿ ಬಹುಮಟ್ಟಿಗೆ ಪಾನಗೃಹಕ್ಕೇ ಹೋಗುತ್ತಿತ್ತು. ಹಣ ತೀರಿದಾಗ ಕಾಲಿನ ಬೂಟನ್ನು ಗಿರವಿಯಿಟ್ಟು ಬರಿಗಾಲಲ್ಲಿ ಮನೆಗೆ ಬಂದದ್ದೂ ಉಂಟು. ಆ ಕಾಲದ ಒಂದು ಕೃತ್ಯ ಆತನನ್ನು ಬಾಳಿನುದ್ದಕ್ಕೂ ಕಾಡಿತು. ಬೀದಿಯಲ್ಲಿ ಪಿಟೀಲು ನುಡಿಸಿ ಹೊಟ್ಟೆ ಹೊರೆಯುತ್ತಿದ್ದ ಬಡವನೊಬ್ಬನ ಪಿಟೀಲನ್ನು ಮ್ಯಾಟ್ ಮತ್ತು ಗೆಳೆಯರು ಕದ್ದು, ಅದರಿಂದ ಬಂದ ಹಣವನ್ನು ಕುಡಿದುಬಿಟ್ಟರು. ಪರಿವರ್ತನೆಯಾದ ಮೇಲೆ ಆತನು ಆ ಪಿಟೀಲುಗಾರನನ್ನು ಊರೆಲ್ಲ ಹುಡುಕಿದನು, ಸಿಗಲಿಲ್ಲ. ಕೊನೆಗೆ ಆತನಿಗಾಗಿ ಬಲಿಪೂಜೆಗಳನ್ನು ಮಾಡಿಸಿದನು.

ಕುಡಿತದ ಜೊತೆಗೇ ಬೆಳೆದದ್ದು ಕೆಟ್ಟ ಮಾತು. ಬಂದರಿನ ಕಟ್ಟೆ, ಗಾರೆಯ ಅಟ್ಟಣಿಗೆ, ಪಾನಗೃಹ, ಈ ಮೂರು ಕಡೆಗಳಲ್ಲೂ ಬೈಗುಳವೇ ವಾಡಿಕೆಯ ಭಾಷೆ. ಯೇಸುಸ್ವಾಮಿಯ ಪವಿತ್ರ ನಾಮವನ್ನು ಪ್ರಾರ್ಥನೆಗಿಂತ ಹೆಚ್ಚಾಗಿ ಸಿಟ್ಟಿನಲ್ಲಿ, ತಮಾಷೆಯಲ್ಲಿ, ಏನೂ ಕಾರಣವಿಲ್ಲದೆಯೂ ಎತ್ತುವುದು ಅಲ್ಲಿನವರ ಪದ್ಧತಿ. ಮ್ಯಾಟ್ ಕೂಡ ಅದರಲ್ಲಿ ಯಾರಿಗೂ ಕಡಮೆಯಿರಲಿಲ್ಲ. ಆತನಿಗೆ ಮೂಗಿನ ತುದಿಯಲ್ಲೇ ಕೋಪ.

ಇಲ್ಲಿ ಸ್ವಲ್ಪ ನಿಂತು, ಇದರಲ್ಲಿ ಪಾಪವೆಷ್ಟು ಎಂಬುದನ್ನು ವಿಚಾರಿಸಬೇಕು. ಕ್ರೈಸ್ತನು ಬೈದರೆ ಪಾಪವೇ ಎಂದು ಕೇಳುವವರು ಬಹಳ ಮಂದಿ. ಆಂಗ್ಲ ಭಾಷೆಯಲ್ಲಿ ಆಣೆಯಿಡುವುದಕ್ಕೂ ಬೈಯುವುದಕ್ಕೂ ಒಂದೇ ಪದವಿರುವುದರಿಂದ ಅವರಿಗೆ ಗೊಂದಲ ಸಹಜ. ನಮ್ಮ ಕನ್ನಡವು ಇವನ್ನು ಬೇರೆಬೇರೆಯಾಗಿಯೇ ಇಟ್ಟಿದೆ: ದೇವದೂಷಣೆ, ಆಣೆ, ಶಾಪ, ಬೈಗುಳ. ನಮ್ಮ ಭಾಷೆಯ ಈ ವಿವೇಕಕ್ಕೆ ಧರ್ಮಶಾಸ್ತ್ರವೂ ಒಪ್ಪುತ್ತದೆ. ದೇವರನ್ನೇ ನಿಂದಿಸುವುದು, ಆತನಿಗೆ ವಿರೋಧವಾಗಿ ದ್ವೇಷದ ಮಾತಾಡುವುದು ದೇವದೂಷಣೆ. ಅದು ಸ್ವಭಾವತಃ ಘೋರ ಪಾಪ. ಆಣೆಯೆಂದರೆ ನಮ್ಮ ಮಾತಿಗೆ ದೇವರನ್ನು ಸಾಕ್ಷಿಗೆ ಕರೆಯುವುದು. ನ್ಯಾಯಾಲಯದಲ್ಲಿ ಸತ್ಯಕ್ಕಾಗಿ, ವಿವೇಚನೆಯಿಂದ, ನ್ಯಾಯವಾದ ವಿಷಯಕ್ಕೆ ಆಣೆಯಿಡುವುದು ಪಾಪವಲ್ಲ; ಸುಳ್ಳಿಗೆ ಆಣೆಯಿಡುವುದು ಮಹಾಪಾಪ; ಸಂತೆಯಲ್ಲಿ ನಾಲ್ಕು ಕಾಸಿನ ಬದನೆಕಾಯಿಗೆ ದೇವರಾಣೆ ಇಡುವುದು ಆ ಪವಿತ್ರ ನಾಮಕ್ಕೆ ಮಾಡುವ ಅಗೌರವ. ದೇವರ ಎರಡನೆಯ ಕಟ್ಟಳೆ ಕಾಯುವುದು ಆ ನಾಮದ ಗೌರವವನ್ನೇ. ಬೆಟ್ಟದ ಪ್ರಬೋಧನೆಯಲ್ಲಿ ಯೇಸುಸ್ವಾಮಿಯು ಹೌದನ್ನು ಹೌದೆಂದೂ ಅಲ್ಲವನ್ನು ಅಲ್ಲವೆಂದೂ ಹೇಳಿ ನಿಲ್ಲಿಸಲು ಕಲಿಸಿದುದು ಇದಕ್ಕಾಗಿಯೇ.

ಇನ್ನು ಶಾಪ. ಸಂತ ತೋಮಸ್ ಅಕ್ವಿನಾಸರು ಇದನ್ನು ವಿವರವಾಗಿ ಚರ್ಚಿಸಿದ್ದಾರೆ. ಮತ್ತೊಬ್ಬನಿಗೆ ಕೇಡಾಗಲೆಂದು ನಿಜವಾಗಿ ಬಯಸಿ ಶಪಿಸುವುದು ಪರಪ್ರೀತಿಗೆ ನೇರ ವಿರೋಧವಾದುದರಿಂದ ತನ್ನ ಜಾತಿಯಲ್ಲಿ ಅದು ಮಾರಕ ಪಾಪವೇ. ಆದರೆ ಬಯಸಿದ ಕೇಡು ಅಲ್ಪವಾಗಿದ್ದರೆ, ಅಥವಾ ಮನಸ್ಸಿಲ್ಲದೆ ಆವೇಗದಲ್ಲಿಯೋ ತಮಾಷೆಯಲ್ಲಿಯೋ ಬಾಯಿ ಜಾರಿದ್ದರೆ, ಅದು ಲಘುಪಾಪವಾಗುತ್ತದೆ. ಒಲೆಯ ಮುಂದೆ ಕೂತ ತಾಯಿ ತುಂಟ ಮಗನಿಗೆ ನಿನ್ನ ಬಾಯಿಗೆ ಮಣ್ಣು ಬೀಳ ಎಂದು ಗದರುವಾಗ ಮಣ್ಣು ಬೀಳಲೆಂದು ಆಕೆಯ ಬಯಕೆಯಲ್ಲ. ಹಾಗೆಂದು ಆ ಮಾತು ಒಳ್ಳೆಯದೂ ಅಲ್ಲ. ಮಗನು ನಾಳೆ ಅದನ್ನೇ ತಂಗಿಗೆ ಹೇಳುತ್ತಾನೆ. ಉಳಿದ ಒರಟು ಬೈಗುಳಗಳಲ್ಲಿ ದೇವರ ನಾಮವಿಲ್ಲದಿದ್ದರೂ ಎದುರಿನವನ ಮಾನವನ್ನು ಕಳೆಯುವ, ಕೇಳುವ ಮಕ್ಕಳ ಮನಸ್ಸನ್ನು ಕೆಡಿಸುವ ದೋಷವಿದೆ. ಎಫೆಸದವರಿಗೆ ಬರೆದ ಪತ್ರದಲ್ಲಿ ಸಂತ ಪೌಲರು ಹೊಲಸು ಮಾತನ್ನು ಬಿಡಿಸಿದ್ದು, ನಾಲಿಗೆಯನ್ನು ಸಂತ ಯಕೋಬರು ಕಿಡಿಗೆ ಹೋಲಿಸಿದ್ದು ಸುಮ್ಮನೆ ಅಲ್ಲ.

ಅಭ್ಯಾಸವಾಗಿದೆ, ಗೊತ್ತಿಲ್ಲದೆ ಬರುತ್ತದೆ, ಆದ್ದರಿಂದ ಪಾಪವಿಲ್ಲ ಎನ್ನುವವರಿದ್ದಾರೆ. ಈ ವಾದ ಅರ್ಧ ಮಾತ್ರ ಸರಿ. ದುರಭ್ಯಾಸವನ್ನು ಮನಸಾರೆ ತ್ಯಜಿಸಿ ಅದನ್ನು ಕೀಳಲು ಶ್ರಮಿಸುತ್ತಿರುವವನ ಬಾಯಿಂದ ಅರಿವಿಲ್ಲದೆ ಜಾರಿದ ಮಾತಿಗೆ ಧರ್ಮಶಾಸ್ತ್ರವು ಕರುಣೆ ತೋರುತ್ತದೆ. ಶ್ರಮಿಸದೆ ಸುಮ್ಮನಿರುವವನು ಮಾತ್ರ ಆ ಅಭ್ಯಾಸಕ್ಕೆ ತಾನೇ ಹೊಣೆ. ಮ್ಯಾಟ್ ಟಾಲ್ಬಟ್‌ನ ಬಾಳು ಈ ಎರಡು ಬಗೆಯವರ ನಡುವಿನ ಅಂತರವನ್ನು ಎತ್ತಿ ತೋರಿಸುತ್ತದೆ.

1884ರ ಒಂದು ಶನಿವಾರ. ಮ್ಯಾಟ್‌ಗೆ ಇಪ್ಪತ್ತೆಂಟು ವರ್ಷ. ಆ ವಾರ ಕೆಲಸಕ್ಕೆ ಹೋಗದೆ ಕೈಯಲ್ಲಿ ಕಾಸಿರಲಿಲ್ಲ. ಕೂಲಿ ಪಡೆದು ಬರುವ ಗೆಳೆಯರು ಕುಡಿಯಲು ಕರೆದಾರೆಂದು ತಮ್ಮನೊಂದಿಗೆ ಓಮಾರ ಎಂಬವರ ಪಾನಗೃಹದ ಬಳಿ ಕಾದು ನಿಂತನು. ಕೈಯಲ್ಲಿ ಹಣವಿದ್ದಾಗ ಅವರಿಗೆಲ್ಲ ಕುಡಿಸಿದವನು ಆತ. ಅವರು ಬಂದರು, ಯೋಗಕ್ಷೇಮ ವಿಚಾರಿಸಿದರು, ಒಳಗೆ ಹೋದರು, ಒಬ್ಬನೂ ಕರೆಯಲಿಲ್ಲ. ಆ ಅವಮಾನ ಹೃದಯಕ್ಕೆ ನಾಟಿತು. ದೇವರ ವರಪ್ರಸಾದವು ಯಾವ ಬಾಗಿಲಿನಿಂದ ಒಳಗೆ ಬರುತ್ತದೆಂದು ಹೇಳಲು ಬಾರದು; ಮ್ಯಾಟ್‌ನ ಪಾಲಿಗೆ ಅದು ಮುಚ್ಚಿದ ಬಾಗಿಲಿನ ಹೊರಗೇ ಕಾದಿತ್ತು. ಮನೆಗೆ ಹಿಂದಿರುಗಿ, ಮದ್ಯತ್ಯಾಗದ ಪ್ರತಿಜ್ಞೆ ತೆಗೆದುಕೊಳ್ಳುವೆನೆಂದು ತಾಯಿಗೆ ತಿಳಿಸಿದನು. ಪಾಲಿಸುವ ಮನಸ್ಸಿಲ್ಲದಿದ್ದರೆ ಪ್ರತಿಜ್ಞೆ ಬೇಡವೆಂದು ತಾಯಿ ಎಚ್ಚರಿಸಿ ದೇವರ ಹೆಸರಿನಲ್ಲಿ ಕಳುಹಿಸಿಕೊಟ್ಟಳು. ಕ್ಲಾನ್ಲಿಫ್‌ನ ಪವಿತ್ರ ಶಿಲುಬೆಯ ಗುರುವಿದ್ಯಾಲಯಕ್ಕೆ ಹೋಗಿ ಗುರು ಕೀನರ ಬಳಿ ಪಾಪನಿವೇದನೆ ಮಾಡಿ, ಮೂರು ತಿಂಗಳ ಮಟ್ಟಿಗೆ ಪ್ರತಿಜ್ಞೆ ತೊಟ್ಟನು. ಮರುದಿನ ಮುಂಜಾನೆ ಗಾರ್ಡಿನರ್ ಬೀದಿಯ ಯೇಸುಸಭೆಯವರ ದೇವಾಲಯದಲ್ಲಿ ಪರಮಪ್ರಸಾದ ಸ್ವೀಕರಿಸಿದನು. ಆ ಮೂರು ತಿಂಗಳು ಮುಂದೆ ಆರಾಯಿತು, ಆಮೇಲೆ ಜೀವಾವಧಿಯಾಯಿತು.

ಮೂರು ತಿಂಗಳೆಂಬ ಈ ಅವಧಿಯನ್ನು ಗಮನಿಸಬೇಕು. ನಮ್ಮಲ್ಲಿ ಅನೇಕರು ತಪಸ್ಸುಕಾಲದ ಮೊದಲ ದಿನವೇ ಇನ್ನೆಂದೂ ಇಲ್ಲ ಎಂದು ಪ್ರತಿಜ್ಞೆ ಮಾಡಿ, ಮೂರನೆಯ ದಿನ ಮುರಿದು, ಅಷ್ಟಕ್ಕೇ ಕೈಚೆಲ್ಲಿ ಕುಳಿತುಬಿಡುತ್ತಾರೆ. ಮ್ಯಾಟ್ ತನ್ನ ಬಲವೆಷ್ಟೆಂದು ಅರಿತವನು. ಆ ಮೊದಲ ತಿಂಗಳುಗಳು ನರಕಯಾತನೆಯಾಗಿದ್ದವು. ಸಂಜೆಯ ಹೊತ್ತು ಹಳೆಯ ಗೆಳೆಯರಿಂದ ದೂರವಿರಲು ದೇವಾಲಯಗಳಲ್ಲಿ ಕೂರುವುದು ಆತನ ರೂಢಿಯಾಯಿತು. ಒಮ್ಮೆ ಶೋಧನೆ ತಾಳಲಾರದೆ ಪಾನಗೃಹವೊಂದರ ಒಳಗೇ ಹೋದನು. ಗದ್ದಲದಲ್ಲಿ ಪರಿಚಾರಕನು ಆತನನ್ನು ಗಮನಿಸಲಿಲ್ಲ. ಮ್ಯಾಟ್ ಹೊರಗೆ ಬಂದುಬಿಟ್ಟನು. ಅಂದಿನಿಂದ ಜೇಬಿನಲ್ಲಿ ಹಣವಿಟ್ಟುಕೊಂಡು ತಿರುಗುವುದನ್ನೇ ಬಿಟ್ಟನು. ಹಳೆಯ ಸಾಲಗಳನ್ನು ಹುಡುಕಿ ತೀರಿಸಿದನು. ಮುಂದೊಂದು ದಿನ ಜೊತೆಯವನೊಬ್ಬ ಹೊಗೆಸೊಪ್ಪು ಕೇಳಿದಾಗ ಹೊಗೆಸೊಪ್ಪಿನ ಜೊತೆಗೆ ಚಿಲುಮೆಯನ್ನೂ ಕೊಟ್ಟು ಧೂಮಪಾನವನ್ನೂ ಮುಗಿಸಿದನು.

ಪಾನಗೃಹವನ್ನು ಬಿಟ್ಟು ದೂರ ಹೋಗಬಹುದು. ನಾಲಿಗೆಯನ್ನು ಮನೆಯಲ್ಲಿ ಬಿಟ್ಟು ಕೆಲಸಕ್ಕೆ ಹೋಗಲಾದೀತೆ? ಇಟ್ಟಿಗೆ ಕೈಜಾರಿ ಕಾಲಿನ ಮೇಲೆ ಬಿದ್ದಾಗ, ಮೇಸ್ತ್ರಿ ಗದರಿದಾಗ, ಹಳೆಯ ಮಾತು ತಾನಾಗಿ ಹೊರಬರುತ್ತದೆ. ಆ ಕ್ಷಣದಲ್ಲಿ ಉಪದೇಶ ನೆನಪಾಗುವುದಿಲ್ಲ. ಕಣ್ಣಿಗೆ ಕಾಣುವ, ಕೈಗೆ ತಾಗುವ ಒಂದು ಗುರುತು ಬೇಕು. ಆ ಎರಡು ಸೂಜಿಗಳ ಅರ್ಥ ಇದು. ಕೆಲಸ ಮಾಡುವವನ ಕಣ್ಣು ತನ್ನ ಕೈಯ ಮೇಲೇ ಇರುತ್ತದೆ. ಆದ್ದರಿಂದ ಕೋಟಿನ ತೋಳು. ಕಾಸಿನ ಖರ್ಚಿಲ್ಲ, ಯಾರಿಗೂ ತೋರಿಕೆಯಿಲ್ಲ. ಆತನ ಬಾಳಿನಲ್ಲಿ ನಮ್ಮಂಥವರು ಅನುಕರಿಸಲಾಗದ ತಪಶ್ಚರ್ಯೆಗಳು ಎಷ್ಟೋ ಇವೆ. ಈ ಸೂಜಿಗಳನ್ನು ಮಾತ್ರ ಯಾರೂ ಅನುಕರಿಸಬಹುದು. ಲಾರಿ ಓಡಿಸುವವನು ಚಕ್ರದ ಹಿಡಿಗೆ ಒಂದು ದಾರ ಕಟ್ಟಿಕೊಂಡರೂ ಸಾಕು.

ಬರಿಯ ಬಾಯಿ ಮುಚ್ಚುವುದರಲ್ಲಿ ಆತನು ತೃಪ್ತನಾಗಲಿಲ್ಲ. ಬೈಗುಳಕ್ಕೆ ಬಳಸಿದ ನಾಮವನ್ನೇ ಪ್ರಾರ್ಥನೆಗೆ ಹಿಂದಿರುಗಿಸಿದನು. ಕೆಲಸದ ಬಿಡುವಿನಲ್ಲಿ ಮರದ ರಾಶಿಗಳ ಮರೆಯಲ್ಲಿ ಮೊಣಕಾಲೂರುತ್ತಿದ್ದನು. ಯಾರಾದರೂ ಯೇಸುಸ್ವಾಮಿಯ ನಾಮವನ್ನು ವ್ಯರ್ಥವಾಗಿ ಎತ್ತಿದರೆ ಜಗಳಕ್ಕೆ ಹೋಗದೆ ತಲೆಯ ಮೇಲಿನ ಟೋಪಿಯನ್ನು ಭಕ್ತಿಯಿಂದ ಎತ್ತುತ್ತಿದ್ದನು. ಬರಬರುತ್ತ ಜೊತೆಗಾರರು ಆತನ ಎದುರಿಗೆ ನಾಲಿಗೆ ಬಿಗಿಹಿಡಿಯತೊಡಗಿದರು. ಗಟ್ಟಿ ಧ್ವನಿಯ ಪ್ರಬೋಧನೆಯಿಂದ ಆಗದ ಕೆಲಸವನ್ನು ಒಂದು ಹಳೆಯ ಟೋಪಿ ಮಾಡಿತು.

ಕೋಪ ಒಂದೇ ದಿನದಲ್ಲಿ ಸಾಯಲಿಲ್ಲ. ಮೇಲ್ವಿಚಾರಕನೊಬ್ಬನಿಗೆ ಒಮ್ಮೆ ಒರಟಾಗಿ ಉತ್ತರಿಸಿ, ಬಳಿಕ ತಾನಾಗಿ ಹೋಗಿ ಕ್ಷಮೆ ಕೇಳಿದನೆಂದು ಆತನ ಚರಿತ್ರೆ ಬರೆದವರು ತಿಳಿಸುತ್ತಾರೆ. ಬಿದ್ದರೂ ಅಲ್ಲೇ ಮಲಗದೆ ಏಳುವುದು ಆತನ ಕ್ರಮ. ಬೈಗುಳ ಬಿಡಬೇಕೆನ್ನುವವರು ಬೈದ ಮೇಲೆ ಬೈಸಿಕೊಂಡವನ ಬಳಿಗೆ ಹೋಗುವ ಈ ಅಭ್ಯಾಸವನ್ನು ಮಾಡಿಕೊಂಡರೆ, ನಾಲಿಗೆ ತಾನಾಗಿ ಎರಡು ಸಲ ಯೋಚಿಸುತ್ತದೆ. ಸಂತ ಪೇತ್ರರು ಪ್ರಧಾನಯಾಜಕನ ಅಂಗಳದಲ್ಲಿ ಶಪಿಸಿ ಆಣೆಯಿಟ್ಟು ಪ್ರಭುವನ್ನು ನಿರಾಕರಿಸಿದವರು. ಕೋಳಿ ಕೂಗಿದೊಡನೆ ಅತ್ತವರೂ ಅವರೇ. ಕುಡುಕರ ವಿಷಯದಲ್ಲಿ ಮ್ಯಾಟ್ ಕಠಿಣವಾಗಿ ಮಾತಾಡುತ್ತಿರಲಿಲ್ಲ. ಕುಡಿತ ಬಿಡುವುದು ಸತ್ತವನನ್ನು ಎಬ್ಬಿಸುವಷ್ಟು ಕಷ್ಟವೆಂದೂ, ದೇವರಿಗೆ ಎರಡೂ ಸಾಧ್ಯವೆಂದೂ ಆತನು ಹೇಳುತ್ತಿದ್ದನಂತೆ.

ಮುಂದಿನ ನಾಲ್ವತ್ತು ವರ್ಷಗಳಲ್ಲಿ ಹೊರಗೆ ಕಾಣುವ ಘಟನೆಗಳು ಕಡಮೆ. ಟಿ. ಅಂಡ್ ಸಿ. ಮಾರ್ಟಿನ್ ಎಂಬ ಮರದ ವ್ಯಾಪಾರಿಗಳಲ್ಲಿ ಕೂಲಿ. ಫ್ರಾನ್ಸಿಸ್‌ನರ ಮೂರನೆಯ ಸಭೆಗೆ 1890ರಲ್ಲಿ ಪ್ರವೇಶ. ಕ್ಲಾನ್ಲಿಫ್‌ನ ಪ್ರಾಧ್ಯಾಪಕರಾದ ಗುರು ಮೈಕೆಲ್ ಹಿಕಿಯವರ ಆತ್ಮಿಕ ಮಾರ್ಗದರ್ಶನ. ಪ್ರತಿದಿನ ಬಲಿಪೂಜೆ. ನಡುರಾತ್ರಿ ಕಳೆದು ಎರಡು ಗಂಟೆಗೆ ಎದ್ದು ಪ್ರಾರ್ಥನೆ. ಮಲಗಲು ಹಲಗೆ, ತಲೆಗೆ ಮರದ ದಿಂಬು. ಒಣ ರೊಟ್ಟಿ, ಹಾಲಿಲ್ಲದ ಕೋಕೋ. ಓದು ಬಾರದವನು ಕಷ್ಟಪಟ್ಟು ಕಲಿತು, ಸಂತ ಆಗಸ್ಟೀನರ ಮತ್ತು ಸಂತ ಫ್ರಾನ್ಸಿಸ್ ಸಾಲೆಸರ ಗ್ರಂಥಗಳನ್ನು ಓದಿ, ತಪ್ಪುತಪ್ಪಾದ ಕಾಗುಣಿತದಲ್ಲಿ ಚೀಟಿಗಳ ಮೇಲೆ ಟಿಪ್ಪಣಿ ಬರೆದುಕೊಂಡನು. ಕೂಲಿಯ ಬಹುಭಾಗ ಬಡವರಿಗೂ ಧರ್ಮಪ್ರಚಾರಕ್ಕೂ ಹೋಗುತ್ತಿತ್ತು. ತಾಯಿ 1915ರಲ್ಲಿ ತೀರಿಕೊಳ್ಳುವವರೆಗೂ ಆಕೆಯನ್ನು ಸಲಹಿದನು. ಮದುವೆಯಾಗಲಿಲ್ಲ.

ಆತನನ್ನು ಮಾಲೀಕರಿಗೆ ಅನುಕೂಲವಾದ ಬಡವನೆಂದು ಹಾಸ್ಯ ಮಾಡಿದವರುಂಟು. ನಾಟಕಕಾರ ಷಾನ್ ಓಕೇಸಿ ಅವರಲ್ಲೊಬ್ಬ. ಈ ಟೀಕೆ ನ್ಯಾಯವಾದುದಲ್ಲವೆಂದು ನನ್ನ ಅಭಿಪ್ರಾಯ. 1913ರಲ್ಲಿ ಡಬ್ಲಿನ್ನಿನ ಮಾಲೀಕರು ಕಾರ್ಮಿಕರನ್ನು ಹೊರಗಿಟ್ಟು ಬೀಗ ಹಾಕಿದಾಗ ಮ್ಯಾಟ್ ತನ್ನ ಸಂಘದೊಂದಿಗೇ ನಿಂತನು. ಸಂಘ ಕೊಟ್ಟ ಮುಷ್ಕರದ ಭತ್ಯವನ್ನು ತಾನು ದುಡಿಯದ ಹಣವೆಂದು ಮೊದಲು ಮುಟ್ಟಲಿಲ್ಲ; ಬಳಿಕ ಪಡೆದು ಮಕ್ಕಳೊಂದಿಗರಾದ ಜೊತೆಗಾರರಿಗೆ ಹಂಚಿಸಿದನು.

1923ರಿಂದ ಹೃದಯದ ಬೇನೆ ಆತನನ್ನು ಹಿಡಿಯಿತು, ಆಸ್ಪತ್ರೆ ಸೇರಬೇಕಾಯಿತು. ದುಡಿಮೆಯಿಲ್ಲದ ಆ ದಿನಗಳಲ್ಲೂ ಚೀನಾ ದೇಶದ ಧರ್ಮಪ್ರಚಾರಕ್ಕೆ ತನ್ನದೊಂದು ಪೌಂಡನ್ನೂ ಸಹೋದರಿಯ ಹತ್ತು ಷಿಲಿಂಗನ್ನೂ ಒಂದು ಚೀಟಿಯೊಡನೆ ಕಳುಹಿಸಿದನು. 1925ರಲ್ಲಿ ಸ್ವಲ್ಪ ಚೇತರಿಸಿಕೊಂಡು ಕೆಲಸಕ್ಕೆ ಮರಳಿದನು. ಅದೇ ವರ್ಷ ಜೂನ್ 7, ಪರಮ ತ್ರಿತ್ವದ ಭಾನುವಾರ. ಮುಂಜಾನೆ ಒಂದು ಬಲಿಪೂಜೆ ಮುಗಿಸಿ, ಮತ್ತೊಂದಕ್ಕೆಂದು ದೊಮಿನಿಕ್ ಸಭೆಯವರ ದೇವಾಲಯಕ್ಕೆ ಹೋಗುತ್ತಿದ್ದಾಗ ಗ್ರ್ಯಾನ್‌ಬಿ ಓಣಿಯಲ್ಲಿ ಕುಸಿದು ಬಿದ್ದು ಪ್ರಾಣಬಿಟ್ಟನು. 1274ರಲ್ಲಿ ಲಿಯೋನ್ಸ್ ಮಹಾಸಭೆಯ ವರ್ಷದಲ್ಲಿ, ಯೇಸುನಾಮದ ಗೌರವವನ್ನು ಜನರಲ್ಲಿ ಬೆಳೆಸುವ ಹೊಣೆಯನ್ನು ಜಗದ್ಗುರು ಹತ್ತನೆಯ ಗ್ರೆಗೋರಿಯವರು ವಹಿಸಿದ್ದು ಇದೇ ದೊಮಿನಿಕ್ ಸಭೆಗೆ. ಪವಿತ್ರನಾಮದ ಸಂಘಗಳು ದೇವದೂಷಣೆಯ ವಿರುದ್ಧ ಬೆಳೆದದ್ದು ಇವರ ನೆರಳಿನಲ್ಲಿ. ಆ ನಾಮಕ್ಕೆ ಟೋಪಿ ಎತ್ತಿದವನ ಕೊನೆಯ ಹೆಜ್ಜೆಗಳು ಅವರ ಬಾಗಿಲಿನ ಕಡೆಗೇ ಇದ್ದುದು ನನಗೆ ಅರ್ಥವತ್ತಾಗಿ ಕಾಣುತ್ತದೆ.

ಜೆರ್ವಿಸ್ ಬೀದಿಯ ಆಸ್ಪತ್ರೆಗೆ ಶವವನ್ನು ಒಯ್ದಾಗ ಅದು ಯಾರದೆಂದು ಯಾರಿಗೂ ತಿಳಿಯಲಿಲ್ಲ. ಬಟ್ಟೆ ಬಿಚ್ಚಿದಾಗ ಸೊಂಟದ ಸುತ್ತಲೂ ಕೈಕಾಲಿಗೂ ಸರಪಳಿಗಳಿದ್ದವು. ಸಂತ ಲೂಯಿ ದ ಮೊಂಫೋರರು ಬೋಧಿಸಿದಂತೆ ಮಾತೆ ಮರಿಯಮ್ಮನವರ ದಾಸನಾಗಿ ಆತನು ಗುಟ್ಟಾಗಿ ಧರಿಸಿದ ಗುರುತುಗಳು ಅವು. ಲೋಕವು ಈ ಸರಪಳಿಗಳನ್ನು ಕಂಡು ಬೆರಗಾಯಿತು. ಆತ್ಮಗುರುವಿನ ಅನುಮತಿಯಿಲ್ಲದೆ ಇಂಥವಕ್ಕೆ ಯಾರೂ ಕೈಹಾಕಬಾರದೆಂದು ಇಲ್ಲಿ ಹೇಳಿಬಿಡುವುದು ಮೇಲು. ಪರಮಪ್ರಸಾದದ ಮಹೋತ್ಸವದ ದಿನವಾದ ಜೂನ್ 11ರಂದು ಗ್ಲಾಸ್ನೆವಿನ್ ಸ್ಮಶಾನದಲ್ಲಿ ಆತನನ್ನು ಸಮಾಧಿ ಮಾಡಲಾಯಿತು.

ಮರುವರ್ಷವೇ ಸರ್ ಜೋಸೆಫ್ ಗ್ಲಿನ್ ಎಂಬವರು ಆತನ ಕಿರುಚರಿತ್ರೆ ಬರೆದರು. ಅದರ ಮೂಲಕ ಆ ಅನಾಮಧೇಯ ಕೂಲಿಕಾರನ ಹೆಸರು ಹಲವು ದೇಶಗಳಿಗೆ ತಲುಪಿತು. 1931ರಲ್ಲಿ ಡಬ್ಲಿನ್ನಿನ ಮಹಾಧರ್ಮಾಧ್ಯಕ್ಷರು ವಿಚಾರಣೆ ಆರಂಭಿಸಿದರು. 1975ರ ಅಕ್ಟೋಬರ್ 3ರಂದು ಜಗದ್ಗುರು ಆರನೆಯ ಪೌಲರು ಆತನನ್ನು ಪೂಜ್ಯನೆಂದು ಘೋಷಿಸಿದರು. 2025ರ ಜೂನ್ 7ಕ್ಕೆ ಆತನು ತೀರಿಕೊಂಡು ನೂರು ವರ್ಷ ತುಂಬಿತು. ಆತನ ಪಾರ್ಥಿವ ಅವಶೇಷಗಳನ್ನು 1972ರಲ್ಲಿ ಷಾನ್ ಮ್ಯಾಕ್‌ಡರ್ಮಟ್ ಬೀದಿಯ ಲೂರ್ದು ಮಾತೆಯ ದೇವಾಲಯಕ್ಕೆ ತರಲಾಯಿತು. ಆ ದೇವಾಲಯವಿರುವುದು ಆತನು ಕುಡಿದು, ಬೈದು, ಬಳಿಕ ನಾಲ್ವತ್ತು ವರ್ಷ ಮೊಣಕಾಲೂರಿ ಬಾಳಿದ ಅದೇ ಕೇರಿಗಳ ನಡುವೆ.